ಬೆರಳಿಗೆ ಮೂರು ಹೊಲಿಗೆ: ಫ್ರೆಂಚ್ ಮಡಚು ಚಾಕುವಿನ ಗುಣ-ದೋಷ

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘದ ಸ್ಟೇಜ್ ಕಟೌಟ್ ಮಾಡಿದ್ದು ಯಾರು ಅಂತ ನಿಮಗೆಲ್ಲ ಗೊತ್ತು. ಆದರೆ ಅದರ ಹಿಂದಿನ ರಾತ್ರಿ ಏನಾಯ್ತು ಅಂತ ಕೆಲವರಿಗೆ ಮಾತ್ರ ಗೊತ್ತು. ತಂತಿ ಪೋಣಿಸೋಕೆ ಪ್ಲೈವುಡ್‌ನಲ್ಲಿ ಒಂದು ತೂತು ಬೇಕಿತ್ತು. ಡ್ರಿಲ್ ಮೆಷಿನ್ ಲ್ಯಾಬ್‌ನಲ್ಲಿತ್ತು, ಲ್ಯಾಬ್‌ಗೆ ಬೀಗ ಹಾಕಿತ್ತು. ನಮ್ಮ ರೂಮ್‌ಮೇಟ್ ಬ್ಯಾಗಿಂದ ಒಂದು ಚೆಂದದ ಮಡಚು ಚಾಕು ತೆಗೆದ. ತುದಿಯನ್ನು ಪ್ಲೈವುಡ್‌ಗೆ ಊರಿ ತಿರುಚಿದ. ತುದಿ ಕಚ್ಕೊಂಡ್ತು, ಹಿಡಿ ಓರೆಯಾಯ್ತು, ಚಾಕು ಟಪ್ ಅಂತ ಅವನ ತೋರುಬೆರಳ ಮೇಲೇ ಮಡಚಿಕೊಂಡ್ತು. ಮೂರು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್. ಕಟೌಟ್‌ನ ಹಳದಿ ಬಣ್ಣದ ಮೇಲೆ ಒಂದು ಕಡೆ ಕಂದು ಕಲೆ ಇತ್ತಲ್ಲ, ಅದು ಪೇಂಟ್ ಅಲ್ಲ.

ಆ ಚಾಕುವಿನ ಅಲಗಿನ ಮೇಲೆ ಫ್ರಾನ್ಸಿನ ಒಂದು ಊರಿನ ಹೆಸರಿತ್ತು. ಅವನ ಚಿಕ್ಕಪ್ಪ ಎರಡು ವರ್ಷ ಕ್ಲೆರ್ಮಾಂ-ಫೆರಾಂ ಅನ್ನೋ ಊರಿನಲ್ಲಿ ಕೆಲಸ ಮಾಡಿ ವಾಪಸ್ ಬರುವಾಗ ನಾಲ್ಕು ಚಾಕು ತಂದಿದ್ದರು. ಮೂರನ್ನು ನೋಡಿ ಆರಿಸಿ ತಂದದ್ದು, ನಾಲ್ಕನೇದನ್ನು ಹೊರಡುವ ದಿನ ಪ್ರವಾಸಿಗರ ಅಂಗಡಿಯೊಂದರಲ್ಲಿ ಅವಸರಕ್ಕೆ ಕೊಂಡದ್ದು. ಬೆರಳು ಕುಯ್ದದ್ದು ಈ ನಾಲ್ಕನೇದು.

ಮಾರನೇ ವಾರ ಅದನ್ನು ಮೆಷಿನ್ ಶಾಪ್ ಇನ್‌ಸ್ಟ್ರಕ್ಟರ್ ಸರ್‌ಗೆ ತೋರಿಸಿದ್ವಿ. ಹಾಸ್ಟೆಲ್‌ನಲ್ಲಿ ಚಾಕು ಇಟ್ಕೊಳ್ಳೋ ಹಾಗಿಲ್ಲ, ಹಾಗಾಗಿ ಮೊದಲು ಬೈಗುಳ ಆಯ್ತು. ಆಮೇಲೆ ಸರ್ ಅದನ್ನು ಎರಡು ಸಲ ತೆರೆದು ಮುಚ್ಚಿ, ಕಿವಿ ಹತ್ತಿರ ಹಿಡಿದು, "ಇದು ಚಾಕುವಿನ ತಪ್ಪೇನ್ರೋ, ನಿಮ್ಮ ತಪ್ಪೋ? ಉಳಿದ ಮೂರನ್ನೂ ತಗೊಂಬನ್ನಿ, ನೋಡಿ ಹೇಳಿ" ಅಂದರು. ಈ ಲೇಖನ ನಾವು ಸರ್‌ಗೆ ಕೊಟ್ಟ ಉತ್ತರದ ಉದ್ದದ ರೂಪ.

ಮೊದಲು ಈ ಚಾಕು ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಣ. ಇಂಗ್ಲಿಷಲ್ಲಿ ಇದಕ್ಕೆ ಸ್ಲಿಪ್ ಜಾಯಿಂಟ್ ಅಂತಾರೆ. ಅಲಗಿನ ಬುಡದಲ್ಲಿ ಒಂದು ಕೀಲು. ಹಿಡಿಯ ಬೆನ್ನಿನ ಉದ್ದಕ್ಕೂ ಒಂದು ಉಕ್ಕಿನ ಪಟ್ಟಿ, ಅದೇ ಸ್ಪ್ರಿಂಗ್. ಈ ಪಟ್ಟಿಯನ್ನು ಹಿಂದಿನ ತುದಿಯಲ್ಲಿ ಮತ್ತು ಸುಮಾರು ನಡುವಿನಲ್ಲಿ ಮೊಳೆ ಹೊಡೆದು ಕೂರಿಸಿರ್ತಾರೆ. ಮುಂದಿನ ತುದಿ ಫ್ರೀ. ಅಂದರೆ ಥರ್ಡ್ ಸೆಮಿಸ್ಟರ್‌ನಲ್ಲಿ ನಾವು ಪುಟಗಟ್ಟಲೆ ಬರೆದ ಕ್ಯಾಂಟಿಲಿವರ್ ಬೀಮ್, ಅಷ್ಟೇ. ಆ ಫ್ರೀ ತುದಿ ಅಲಗಿನ ಬುಡವನ್ನು ಯಾವಾಗಲೂ ಒತ್ತುತ್ತಾ ಇರುತ್ತೆ. ಬುಡದ ಆಕಾರದಲ್ಲಿ ಚಪ್ಪಟೆ ಜಾಗಗಳಿವೆ, ಮೂಲೆಗಳಿವೆ. ಅಲಗು ಪೂರ್ತಿ ತೆರೆದಾಗ ಅಥವಾ ಪೂರ್ತಿ ಮಡಚಿದಾಗ ಸ್ಪ್ರಿಂಗ್ ಚಪ್ಪಟೆ ಜಾಗದ ಮೇಲೆ ಆರಾಮಾಗಿ ಕೂತಿರುತ್ತೆ. ನಡುವೆ ತಿರುಗಿಸುವಾಗ ಬುಡದ ಮೂಲೆ ಸ್ಪ್ರಿಂಗನ್ನು ಮೇಲಕ್ಕೆ ಎತ್ತುತ್ತೆ, ಎನರ್ಜಿ ತುಂಬಿಕೊಳ್ಳುತ್ತೆ, ಮೂಲೆ ದಾಟಿದ ತಕ್ಷಣ ಟಕ್ ಅಂತ ಬಿಡುಗಡೆ ಆಗುತ್ತೆ. ಆ ಟಕ್ ಶಬ್ದಕ್ಕೇ ಜನ ದುಡ್ಡು ಕೊಡ್ತಾರೆ ಅಂದರೆ ನಂಬ್ತೀರಾ? ಸರ್ ಕಿವಿ ಹತ್ತಿರ ಹಿಡಿದದ್ದೂ ಅದಕ್ಕೇ.

ಇಲ್ಲಿ ಗಮನಿಸಬೇಕಾದ್ದು, ಇದರಲ್ಲಿ ಲಾಕ್ ಅನ್ನೋದೇ ಇಲ್ಲ. ಅಲಗನ್ನು ತೆರೆದ ಸ್ಥಿತಿಯಲ್ಲಿ ಹಿಡಿದಿಟ್ಟಿರೋದು ಬರೀ ಸ್ಪ್ರಿಂಗಿನ ಒತ್ತಡ. ಆ ಒತ್ತಡ ಎಷ್ಟಕ್ಕೆ ಸಾಕು? ಒಂದು ಅಂದಾಜು ಲೆಕ್ಕ ಹಾಕೋಣ. ಸ್ಪ್ರಿಂಗ್ 100 ನ್ಯೂಟನ್ ಬಲದಲ್ಲಿ ಒತ್ತುತ್ತಿದೆ ಅಂತ ಇಟ್ಕೊಳ್ಳಿ, ಅಂದರೆ ಸುಮಾರು 10 ಕಿಲೋ ಭಾರ, ಕಮ್ಮಿಯೇನಲ್ಲ. ಆದರೆ ಅದು ಒತ್ತೋದು ಕೀಲಿನಿಂದ 5 ಮಿಲಿಮೀಟರ್ ದೂರದಲ್ಲಿ. ಮೊಮೆಂಟ್ 0.5 ನ್ಯೂಟನ್ ಮೀಟರ್. ಅಲಗಿನ ತುದಿ ಕೀಲಿನಿಂದ 90 ಮಿಲಿಮೀಟರ್ ದೂರ ಇದೆ. 0.5ನ್ನು 0.09ರಿಂದ ಭಾಗಿಸಿ: 5.6 ನ್ಯೂಟನ್, ಸುಮಾರು ಅರ್ಧ ಕಿಲೋ. ಅಷ್ಟು ಬಲ ತುದಿಯ ಮೇಲೆ ಬೆನ್ನಿನ ಕಡೆಯಿಂದ ಬಿದ್ದರೆ ಚಾಕು ಮಡಚಿಕೊಳ್ಳುತ್ತೆ. ಅರ್ಧ ಲೀಟರ್ ನೀರಿನ ಬಾಟಲ್ ತೂಕ ಸಾಕು. ಪ್ಲೈವುಡ್‌ಗೆ ಊರಿ ತಿರುಚುವ ಕೈ ಅದಕ್ಕಿಂತ ಎಷ್ಟೋ ಪಟ್ಟು ಬಲ ಹಾಕುತ್ತೆ.

ಹಾಗಾದರೆ ಇನ್ನೂರು ವರ್ಷದಿಂದ ಫ್ರೆಂಚರ ಬೆರಳುಗಳು ಹೇಗೆ ಉಳಿದಿವೆ? ಉತ್ತರ ಬಲದ ದಿಕ್ಕಿನಲ್ಲಿದೆ. ಬ್ರೆಡ್ಡೋ ಚೀಸೋ ಕೊಯ್ಯುವಾಗ ಬಲ ಬೀಳೋದು ಅಲಗಿನ ಬಾಯಿಯ ಮೇಲೆ, ಕೆಳಗಿನಿಂದ ಮೇಲಕ್ಕೆ. ಅದು ಅಲಗನ್ನು ಇನ್ನಷ್ಟು ತೆರೆಯೋ ಕಡೆಗೆ ತಳ್ಳುತ್ತೆ. ಅದಾಗಲೇ ಪೂರ್ತಿ ತೆರೆದಿರೋದರಿಂದ ಬುಡ ಸ್ಪ್ರಿಂಗಿನ ಮೂಗಿಗೆ ಆತುಕೊಂಡು ಗಟ್ಟಿಯಾಗಿ ನಿಲ್ಲುತ್ತೆ. ಕೊಯ್ಯೋಕೆ ಈ ಚಾಕು ಸುರಕ್ಷಿತ. ಚುಚ್ಚೋಕೆ, ಮೀಟೋಕೆ ಅಲ್ಲ. ಇದು ದೋಷವಲ್ಲ, ಸ್ವಭಾವ. ಅರ್ಧ ತಪ್ಪು ನಮ್ಮದು ಅಂತ ಇಲ್ಲೇ ಒಪ್ಕೊಂಡ್ವಿ. ಇನ್ನರ್ಧಕ್ಕೆ ಉಳಿದ ಚಾಕುಗಳನ್ನು ನೋಡಬೇಕಾಯ್ತು.

ಮೊದಲನೇದು ಲಯೋಲ್. ಫ್ರೆಂಚಲ್ಲಿ ಬರೆದದ್ದನ್ನು ನೋಡಿದರೆ ನಾವೆಲ್ಲ "ಲಗುಯಿಯೋಲೆ" ಅಂತ ಓದ್ತೀವಿ, ಓದಿದ್ವಿ ಕೂಡ. ಚಿಕ್ಕಪ್ಪ ಫೋನಲ್ಲೇ ನಕ್ಕರು. ಇದು ದಕ್ಷಿಣ ಫ್ರಾನ್ಸಿನ ಓಬ್ರಾಕ್ ಪ್ರಸ್ಥಭೂಮಿಯ ಮೇಲೆ, ಸುಮಾರು ಸಾವಿರ ಮೀಟರ್ ಎತ್ತರದಲ್ಲಿರೋ ಪುಟ್ಟ ಊರು. ದನಗಾಹಿಗಳ ಸೀಮೆ. ಈ ಚಾಕು ಅಲ್ಲಿ 1829ರ ಸುಮಾರಿಗೆ ಹುಟ್ಟಿತು ಅಂತಾರೆ, ಪಿಯೆರ್-ಜಾನ್ ಕಾಲ್ಮೆಲ್ ಅನ್ನೋ ಚಾಕು ತಯಾರಕನ ಹೆಸರು ಅದರ ಜೊತೆ ಸೇರಿಕೊಂಡಿದೆ. ಸಪೂರವಾದ ಉದ್ದ ಅಲಗು, ಸ್ವಲ್ಪ ಬಳುಕಿದ ಹಿಡಿ. ಆಮೇಲೆ ಅದಕ್ಕೆ ಒಂದು ದಬ್ಬಳದಂಥ ಉಪಕರಣ ಸೇರಿತು: ಹೊಟ್ಟೆಯುಬ್ಬರ ಬಂದ ದನದ ಹೊಟ್ಟೆಗೆ ಚುಚ್ಚಿ ಗ್ಯಾಸ್ ಬಿಡೋಕೆ! 1880ರ ಹೊತ್ತಿಗೆ ಬಾಟಲಿಯ ಬಿರಡೆ ತೆಗೆಯುವ ಸುರುಳಿಯೂ ಬಂತು, ಯಾಕಂದರೆ ಆ ಸೀಮೆಯ ಜನ ಪ್ಯಾರಿಸ್ಸಿಗೆ ಹೋಗಿ ಕೆಫೆಗಳಲ್ಲಿ ಕೆಲಸಕ್ಕೆ ಸೇರಿದ್ದರು. ಒಂದೇ ಹಿಡಿಯಲ್ಲಿ ಊರಿನ ದನವೂ ಪಟ್ಟಣದ ವೈನೂ ಇವೆ.

ಸ್ಪ್ರಿಂಗಿನ ಮುಂದಿನ ತುದಿಯಲ್ಲಿ ಒಂದು ಜೇನುನೊಣ ಕೂತಿರುತ್ತೆ. ನೆಪೋಲಿಯನ್ ಮೆಚ್ಚಿ ಕೊಟ್ಟ ಚಿಹ್ನೆ ಅಂತ ಕಥೆ ಕಟ್ಟಿದ್ದಾರೆ. ಕಥೆ ಅಷ್ಟೇ, ಈ ಚಾಕು ಹುಟ್ಟೋ ಹೊತ್ತಿಗೆ ನೆಪೋಲಿಯನ್ ಸತ್ತು ಎಂಟು ವರ್ಷ ಆಗಿತ್ತು. ಚಾಕು ಮಾಡುವವರು ಸ್ಪ್ರಿಂಗಿನ ಆ ಅಗಲವಾದ ತುದಿಗೆ ಮೊದಲಿಂದಲೂ "ನೊಣ" ಅಂತಲೇ ಕರೀತಿದ್ದರು. ಜೇನಿನ ಆಕಾರ ಬಂದದ್ದು 20ನೇ ಶತಮಾನದ ಆರಂಭದಲ್ಲಿ.

ನಮಗೆ ಮುಖ್ಯವಾದದ್ದು ಆ ನೊಣದ ಅಡಿಯಲ್ಲಿರೋ ಕೆಲಸ. ಒಳ್ಳೆಯ ಲಯೋಲ್‌ನಲ್ಲಿ ಸ್ಪ್ರಿಂಗಿನ ಮೂಗಿನ ಕೆಳಗೆ ಒಂದು ಚಿಕ್ಕ ಉಬ್ಬು, ಅಲಗಿನ ಬುಡದಲ್ಲಿ ಅದಕ್ಕೆ ಸರಿಹೊಂದುವ ಒಂದು ಕಚ್ಚು. ತೆರೆದಾಗ ಉಬ್ಬು ಕಚ್ಚಿನೊಳಗೆ ಇಳಿಯುತ್ತೆ. ಫ್ರೆಂಚರು ಇದಕ್ಕೆ ಕ್ರಾಂ ಫೋರ್ಸೆ ಅಂತಾರೆ. ಲಾಕ್ ಅಲ್ಲ, ಬಲವಾಗಿ ಒತ್ತಿದರೆ ಮಡಚುತ್ತೆ, ಆದರೆ ಬರೀ ಚಪ್ಪಟೆ ಜಾಗಕ್ಕಿಂತ ಗಟ್ಟಿ ಹಿಡಿತ. ಈ ಉಬ್ಬು-ಕಚ್ಚು ಕೂರಬೇಕಾದರೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಲೆಕ್ಕ ಇದೆ. ಉಬ್ಬು ದೊಡ್ಡದಾದರೆ ಪೂರ್ತಿ ಕೂರಲ್ಲ, ಚಿಕ್ಕದಾದರೆ ಅಲಗು ಅಲ್ಲಾಡುತ್ತೆ. ಹಾಗಾಗಿ ಕಾರಿಗರು ಜೋಡಿಸಿ, ತೆಗೆದು, ಅರದಲ್ಲಿ ಎರಡು ಸಲ ಉಜ್ಜಿ, ಮತ್ತೆ ಜೋಡಿಸಿ ನೋಡ್ತಾರೆ.

ಚಿಕ್ಕಪ್ಪ ಆರಿಸಿ ತಂದ ಲಯೋಲ್‌ಗೆ ಫೀಲರ್ ಗೇಜ್ ಹಿಡಿದ್ವಿ. ನಮ್ಮ ಸೆಟ್‌ನ ಅತಿ ತೆಳು ಹಾಳೆ, 0.05 ಮಿಲಿಮೀಟರಿನದು, ಸ್ಪ್ರಿಂಗಿಗೂ ಬುಡಕ್ಕೂ ನಡುವೆ ಹೋಗಲೇ ಇಲ್ಲ. ಅಂಗಡಿ ಚಾಕುವಿಗೆ 0.3ರ ಹಾಳೆ ಸಲೀಸಾಗಿ ತೂರಿತು. ಟಾರ್ಚ್ ಹಿಡಿದರೆ ಆಚೆ ಬೆಳಕು ಕಾಣ್ತಿತ್ತು. ಅದರ ಉಬ್ಬು ಕಚ್ಚಿನ ಅಂಚಿನ ಮೇಲೆ ಕೂತಿತ್ತೇ ಹೊರತು ಒಳಗೆ ಇಳಿದಿರಲಿಲ್ಲ. ತುದಿಗೆ ಸ್ಪ್ರಿಂಗ್ ಬ್ಯಾಲೆನ್ಸ್ ಸಿಕ್ಕಿಸಿ ಎಳೆದ್ವಿ. ಅಂಗಡಿಯದು ಅರ್ಧ ಕಿಲೋ ಮುಟ್ಟೋ ಮೊದಲೇ ಮಡಚಿಕೊಂಡ್ತು. ಇನ್ನೊಂದು ಅದರ ಎರಡರಷ್ಟು ದಾಟಿದರೂ ಕೂತೇ ಇತ್ತು. ಹೊರಗಿಂದ ನೋಡಿದರೆ ಎರಡೂ ಅಕ್ಕ ತಂಗಿ ಥರ, ಎರಡರ ಮೇಲೂ ನೊಣ, ಎರಡರ ಮೇಲೂ ಅದೇ ಹೆಸರು.

ಆ ಹೆಸರಿನದ್ದೇ ಒಂದು ಕಥೆ. ಲಯೋಲ್ ಅನ್ನೋದು ಬಹಳ ಕಾಲ ಚಾಕುವಿನ ಮಾದರಿಯ ಹೆಸರು ಅಂತಲೇ ನಡೆದುಕೊಂಡು ಬಂತು, ಯಾರು ಬೇಕಾದರೂ ಎಲ್ಲಿ ಬೇಕಾದರೂ ಮಾಡಿ ಆ ಹೆಸರು ಹೊಡೆಯಬಹುದಿತ್ತು. ಏಷ್ಯಾದಲ್ಲಿ ತಯಾರಾದವೂ ಅದೇ ಹೆಸರಲ್ಲಿ ಮಾರಾಟ ಆಗ್ತವೆ. ಸಾಲದ್ದಕ್ಕೆ 1993ರಲ್ಲಿ ಆ ಊರಿಗೆ ಸಂಬಂಧವೇ ಇಲ್ಲದ ಒಬ್ಬ ಉದ್ಯಮಿ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡ. ಊರಿನವರು ವರ್ಷಗಟ್ಟಲೆ ಕೋರ್ಟು ಅಲೆದರು. 2012ರಲ್ಲಿ ಸಿಟ್ಟಿಗೆ ತಮ್ಮ ಊರಿನ ಬೋರ್ಡನ್ನೇ ಕಿತ್ತು ಪ್ರತಿಭಟನೆ ಮಾಡಿದರು. 2019ರಲ್ಲಿ ಪ್ಯಾರಿಸ್ ಮೇಲ್ಮನವಿ ಕೋರ್ಟು ಊರಿನ ಪರ ತೀರ್ಪು ಕೊಟ್ಟಿತು. ಒಟ್ಟಿನಲ್ಲಿ ಅಲಗಿನ ಮೇಲೆ ಆ ಹೆಸರಿದೆ ಅನ್ನೋದರಿಂದ ನಿಮಗೆ ಗೊತ್ತಾಗೋದು ಏನೂ ಇಲ್ಲ. ಮಾಡಿದವರು ಯಾರು ಅನ್ನೋ ಗುರುತು ಇದೆಯಾ ಅಂತ ನೋಡಬೇಕು. ನಮ್ಮ ಅಂಗಡಿ ಚಾಕುವಿನ ಮೇಲೆ ಅದಿರಲಿಲ್ಲ.

ಇನ್ನೊಂದು ತಮಾಷೆ ಗೊತ್ತಾ? ಲಯೋಲ್ ಚಾಕುಗಳು ಹೆಚ್ಚಾಗಿ ತಯಾರಾದದ್ದು ಲಯೋಲ್‌ನಲ್ಲೇ ಅಲ್ಲ, ಉತ್ತರಕ್ಕಿರೋ ತಿಯೇರ್ ಪಟ್ಟಣದಲ್ಲಿ. ಬೇಡಿಕೆ ಹೆಚ್ಚಾದಾಗ ಪುಟ್ಟ ಊರಿಗೆ ಅಷ್ಟು ಮಾಡೋಕೆ ಆಗಲಿಲ್ಲ. 20ನೇ ಶತಮಾನದಲ್ಲಿ ಲಯೋಲ್‌ನಲ್ಲಿ ಚಾಕು ತಯಾರಿಕೆ ಹೆಚ್ಚುಕಡಿಮೆ ನಿಂತೇ ಹೋಯ್ತು, ಮತ್ತೆ ಶುರುವಾದದ್ದು 1980ರ ದಶಕದಲ್ಲಿ. ತಿಯೇರ್ ಇರೋದು ಚಿಕ್ಕಪ್ಪ ಇದ್ದ ಕ್ಲೆರ್ಮಾಂ-ಫೆರಾಂನಿಂದ ಸುಮಾರು 40 ಕಿಲೋಮೀಟರ್ ದೂರ. ಡ್ಯುರೋಲ್ ಅನ್ನೋ ಚಿಕ್ಕ ನದಿ ಕಡಿದಾದ ಕಣಿವೆಯಲ್ಲಿ ಇಳಿಯುತ್ತೆ, ಆ ನೀರಿನಿಂದ ಚಕ್ರ ತಿರುಗಿಸಿ ನೂರಾರು ವರ್ಷ ಅಲ್ಲಿ ಅಲಗುಗಳಿಗೆ ಸಾಣೆ ಹಿಡಿದರು. ಸಾಣೆಯವರು ಕೂತು ಕೆಲಸ ಮಾಡ್ತಿರಲಿಲ್ಲ. ತಿರುಗುವ ಕಲ್ಲಿನ ಮೇಲ್ಗಡೆ ಹಲಗೆ ಹಾಸಿ ಅದರ ಮೇಲೆ ಬೋರಲು ಮಲಗಿ, ಎರಡೂ ಕೈಯಲ್ಲಿ ಅಲಗನ್ನು ಕಲ್ಲಿಗೆ ಒತ್ತುತ್ತಿದ್ದರು. ಕೆಳಗೆ ತಣ್ಣೀರು, ಸುತ್ತ ಚಳಿ. ಕಾಲು ಮರಗಟ್ಟದ ಹಾಗೆ ಕಾಲ ಮೇಲೆ ಸಾಕುನಾಯಿಯನ್ನು ಮಲಗಿಸಿಕೊಳ್ತಿದ್ದರು. ಹಳೇ ಫೋಟೋಗಳಲ್ಲಿ ಸಾಲಾಗಿ ಬೋರಲು ಮಲಗಿದ ಜನ, ಒಬ್ಬೊಬ್ಬರ ಕಾಲ ಮೇಲೂ ಒಂದೊಂದು ನಾಯಿ. ವರ್ಕ್‌ಶಾಪ್‌ನಲ್ಲಿ ಎರಡು ಗಂಟೆ ನಿಂತು ಫೈಲಿಂಗ್ ಮಾಡಿ ಸೊಂಟ ನೋವು ಅಂತ ಗೊಣಗಿದ ನಮಗೆ ಆ ಫೋಟೋ ನೋಡಿ ಸ್ವಲ್ಪ ನಾಚಿಕೆ ಆಯ್ತು.

ತಿಯೇರ್‌ನಲ್ಲಿ ಕೆಲಸ ಹಂಚಿಹೋಗಿತ್ತು: ಬಡಿಯುವವರು ಒಂದು ಕಡೆ, ಸಾಣೆಯವರು ಇನ್ನೊಂದು ಕಡೆ, ಹಿಡಿ ಮಾಡುವವರು, ಜೋಡಿಸುವವರು ಬೇರೆ ಬೇರೆ ಮನೆಗಳಲ್ಲಿ. ಹಾಗಾಗಿ ಅಗ್ಗಕ್ಕೂ ಮಾಡ್ತಿದ್ದರು, ಉತ್ತಮವಾಗಿಯೂ ಮಾಡ್ತಿದ್ದರು, ಎರಡೂ ಒಂದೇ ಬೀದಿಯಿಂದ ಬರ್ತಿತ್ತು. "ತಿಯೇರ್‌ನದ್ದು ಕಳಪೆ, ಲಯೋಲ್‌ನದ್ದೇ ಅಸಲಿ" ಅಂತ ಹೇಳೋರನ್ನು ನಾವು ನಂಬಲ್ಲ. ಫೀಲರ್ ಗೇಜಿಗೆ ಊರಿನ ಹೆಸರು ಗೊತ್ತಿರಲ್ಲ. ಅಂದ ಹಾಗೆ ನಾವು ಅಳತೆ ಮಾಡಿದ ಒಳ್ಳೆಯ ಲಯೋಲ್ ಕೂಡ ತಿಯೇರ್‌ನದ್ದೇ.

ಆ ಒಳ್ಳೆಯ ಚಾಕುವಿನಲ್ಲೂ ದೋಷ ಇಲ್ಲ ಅಂತಲ್ಲ. ಒಂದು ಇಡೀ ವಂಶಕ್ಕೇ ಇರೋ ಕಾಯಿಲೆ. ಮಡಚುವಾಗ ಕೊನೇಲಿ ಕೈಬಿಟ್ಟರೆ ಸ್ಪ್ರಿಂಗ್ ಅಲಗನ್ನು ಒಳಗೆ ಎಳೆದುಕೊಳ್ಳುತ್ತೆ, ಅಲಗಿನ ಹರಿತ ಬಾಯಿ ಹೋಗಿ ಒಳಗಿರೋ ಸ್ಪ್ರಿಂಗಿಗೇ ಬಡಿಯುತ್ತೆ. ಉಕ್ಕಿಗೆ ಉಕ್ಕು. ಹೀಗೆ ಹತ್ತು ಸಲ ಮಾಡಿದರೆ ಬಾಯಿಯ ಆ ಜಾಗ ಮೊಂಡಾಗುತ್ತೆ. ಬೇರೆ ದೇಶದ ಎಷ್ಟೋ ಮಡಚು ಚಾಕುಗಳಲ್ಲಿ ಅಲಗಿನ ಬುಡದ ಹತ್ತಿರ ಒಂದು ತಡೆ ಬಿಟ್ಟಿರ್ತಾರೆ, ಬಾಯಿ ತಾಗೋ ಮೊದಲೇ ಅದು ತಾಗಿ ನಿಲ್ಲಿಸುತ್ತೆ. ಹಳೇ ಮಾದರಿಯ ಲಯೋಲ್‌ಗಳಲ್ಲಿ ಅದಿಲ್ಲ. ಈಗಿನ ಕೆಲವರು ಸೇರಿಸ್ತಾರೆ. "ಕೈಯಲ್ಲಿ ಹಿಡಿದು ನಿಧಾನ ಮುಚ್ಚಬೇಕು, ಟಕ್ ಅನ್ನಿಸಬಾರದು, ಅದೇ ಸಂಪ್ರದಾಯ" ಅಂತಾರೆ. ಸಂಪ್ರದಾಯ ಅನ್ನೋ ಹೆಸರಿನಲ್ಲಿ ಬಳಸುವವರ ತಲೆ ಮೇಲೆ ಹಾಕಿದ ಡಿಸೈನ್ ದೋಷ ಇದು ಅಂತ ನಮ್ಮ ಅಭಿಪ್ರಾಯ. ನಮ್ಮಲ್ಲೊಬ್ಬಳು ಒಪ್ಪಲ್ಲ. ತಡೆ ಬಿಟ್ಟರೆ ಅಲಗಿನ ಆ ಸಪೂರ ಗೆರೆ ಕೆಡುತ್ತೆ ಅಂತಾಳೆ. ಜಗಳ ಇನ್ನೂ ಮುಗಿದಿಲ್ಲ.

ಎರಡನೇದು ಡೂಕ್-ಡೂಕ್. ಇದನ್ನು ನೋಡಿ ನಾವು ಮೆಕ್ಯಾನಿಕಲ್‌ನವರು ಮನಸೋತ್ವಿ. 1929ರಲ್ಲಿ ತಿಯೇರ್‌ನ ಕೊನ್ಯೆ ಕುಟುಂಬ ಮಾಡಿದ್ದು, ಪೆಸಿಫಿಕ್ ದ್ವೀಪಗಳಲ್ಲಿ ಮಾರೋಕೆ ಅಂತ. ಹಿಡಿಯ ಮೇಲೆ ಮೆಲನೇಷ್ಯಾದ ಒಂದು ದೈವದ ಚಿತ್ರ ಇದೆ, ಹೆಸರೂ ಅದರದ್ದೇ. ಆಮೇಲೆ ಉತ್ತರ ಆಫ್ರಿಕಾದಲ್ಲಿ ಮನೆಮಾತಾಯ್ತು. ಮರ ಇಲ್ಲ, ಕೊಂಬು ಇಲ್ಲ, ಹಿಡಿ ಅಂದರೆ ಬರೀ ಮಡಚಿದ ಒಂದು ತಗಡು. ಅಲಗು, ಸ್ಪ್ರಿಂಗ್, ತಗಡು, ಎರಡು ಮೊಳೆ, ಒಂದು ಬಳೆ, ಮುಗೀತು. ಊದಿಕೊಳ್ಳೋಕೆ, ಬಿರುಕು ಬಿಡೋಕೆ ಏನೂ ಇಲ್ಲ. ದೋಷ? ಸ್ಪ್ರಿಂಗ್ ಎಷ್ಟು ಬಿಗಿ ಅಂದರೆ ಉಗುರು ಕಿತ್ತು ಬರುತ್ತೆ. ಇಲ್ಲಿ ಒಂದು ಸಣ್ಣ ಲೆಕ್ಕ: ಇಂಥ ಪಟ್ಟಿಯ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತೆ. ದಪ್ಪ ಹತ್ತು ಪರ್ಸೆಂಟ್ ಹೆಚ್ಚಾದರೆ ಬಿಗಿ 33 ಪರ್ಸೆಂಟ್ ಹೆಚ್ಚು. ಎರಡು ಮಿಲಿಮೀಟರಿನ ಸ್ಪ್ರಿಂಗಿನಲ್ಲಿ 0.2ರ ವ್ಯತ್ಯಾಸ ಸಾಕು, ಒಂದು ಚಾಕು ಸಡಿಲ, ಇನ್ನೊಂದು ಉಗುರು ಮುರುಕ. ಅಗ್ಗದ ಚಾಕುಗಳಲ್ಲಿ ಒಂದೇ ಡಬ್ಬದಿಂದ ತೆಗೆದ ಎರಡು ಯಾಕೆ ಬೇರೆ ಬೇರೆ ಥರ ಇರ್ತವೆ ಅನ್ನೋದಕ್ಕೂ ಇದೇ ಕಾರಣ.

ಮೂರನೇದು ಒಪಿನೆಲ್. ನಿಜ ಹೇಳ್ಬೇಕಂದ್ರೆ ಇದು ಸ್ಲಿಪ್ ಜಾಯಿಂಟೇ ಅಲ್ಲ, ಇದರಲ್ಲಿ ಸ್ಪ್ರಿಂಗೇ ಇಲ್ಲ. ಆದರೂ ಹೋಲಿಕೆಗೆ ಬೇಕು. 1890ರಲ್ಲಿ ಆಲ್ಪ್ಸ್‌ನ ಸವೊಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಮಾಡಿದ್ದು. ಮರದ ಹಿಡಿಗೆ ಸೀಳು, ಅದರಲ್ಲಿ ಅಲಗು, ಫ್ರಿಕ್ಷನ್ನೇ ಹಿಡಿತ. ಇದೂ ಬೆರಳ ಮೇಲೆ ಮಡಚಬಹುದಿತ್ತು, ಹಾಗಾಗಿ 1955ರಲ್ಲಿ ಮಾರ್ಸೆಲ್ ಒಪಿನೆಲ್ ಒಂದು ತಿರುಗುವ ಉಕ್ಕಿನ ಬಳೆ ಸೇರಿಸಿದರು. ಬಳೆ ತಿರುಗಿಸಿದರೆ ಸೀಳಿನ ಬಾಯಿ ಮುಚ್ಚುತ್ತೆ, ಅಲಗು ಮಡಚಲ್ಲ. ನಮ್ಮ ಗೆಳೆಯ ಆ ರಾತ್ರಿ ಬ್ಯಾಗಿಂದ ಇದನ್ನು ತೆಗೆದಿದ್ದರೆ ಹೊಲಿಗೆ ಬೀಳ್ತಿರಲಿಲ್ಲ. ಆದರೆ ಮರ ನೀರು ಕುಡಿಯುತ್ತೆ. ಗೆಳೆಯನ ಮನೆ ತೀರ್ಥಹಳ್ಳಿ ಕಡೆ. ಜುಲೈ ರಜೆಗೆ ಅಲ್ಲಿಗೆ ಒಯ್ದಾಗ ಬೀಚ್ ಮರದ ಹಿಡಿ ಊದಿಕೊಂಡು ಅಲಗು ಹೊರಗೇ ಬರಲಿಲ್ಲ. ಸವೊಯ್‌ನವರಿಗೂ ಇದು ಗೊತ್ತು. ಹಿಡಿಯ ಹಿಂಭಾಗವನ್ನು ಮೇಜಿಗೆ ಕುಟ್ಟಿದರೆ ಅಲಗು ಸ್ವಲ್ಪ ಹೊರಬರುತ್ತೆ, ಅದಕ್ಕೆ ಸವೊಯ್ ಪೆಟ್ಟು ಅಂತಲೇ ಹೆಸರು. ನಾವು ಮನೆಯ ಕಡೆಗೋಲು ಕಂಬಕ್ಕೆ ಕುಟ್ಟಿದ್ವಿ. ಕೆಲಸ ಮಾಡ್ತು. ಅಜ್ಜಿ ಬೈದರು.

ಕೊಂಬಿನ ಹಿಡಿಗೂ ಇದೇ ಪಾಡು, ತೇವಕ್ಕೆ ಹಿಗ್ಗುತ್ತೆ, ಒಣಗಿದರೆ ಕುಗ್ಗುತ್ತೆ, ಮೊಳೆಯ ಸುತ್ತ ಸೀಳು ಬಿಡುತ್ತೆ. ಕೊಳ್ಳುವಾಗ ಕೂದಲೆಳೆಯಷ್ಟೂ ಸಂದಿ ಇಲ್ಲದ ಹಿಡಿ ಒಂದು ವರ್ಷದಲ್ಲಿ ಸಂದಿ ತೋರಿಸಬಹುದು. ಅದನ್ನು ಮಾಡಿದವರ ತಪ್ಪು ಅನ್ನೋಕಾಗಲ್ಲ. ಹೊಸದರಲ್ಲೇ ಸಂದಿಗೆ ಮೇಣ ಮೆತ್ತಿ ಮುಚ್ಚಿದ್ದರೆ ತಪ್ಪು.

ಉಕ್ಕಿನ ಬಗ್ಗೆ ಜನ ಅತಿ ಹೆಚ್ಚು ವಾದ ಮಾಡ್ತಾರೆ, ನಮಗೆ ಅದು ಅಷ್ಟು ದೊಡ್ಡದು ಅನ್ನಿಸಲಿಲ್ಲ. ಹಳೇ ಫ್ರೆಂಚ್ ಹೆಸರು ಎಕ್ಸ್‌ಸಿ 75 ಅಂದರೆ ಸುಮಾರು 0.75 ಪರ್ಸೆಂಟ್ ಕಾರ್ಬನ್, ಎಕ್ಸ್‌ಸಿ 90 ಅಂದರೆ 0.90. ಈ ಕಾರ್ಬನ್ ಉಕ್ಕು ಚೆನ್ನಾಗಿ ಸಾಣೆ ಹಿಡಿಯುತ್ತೆ, ಆದರೆ ನಿಂಬೆಹಣ್ಣು ಕೊಯ್ದು ಒರೆಸದೆ ಇಟ್ಟರೆ ಅರ್ಧ ಗಂಟೆಯಲ್ಲಿ ಕಪ್ಪು. ಆ ಬೂದುಗಪ್ಪು ಪದರ ಹಾನಿಯಲ್ಲ, ಕೆಂಪು ತುಕ್ಕು ಹಾನಿ. ಸ್ಟೇನ್‌ಲೆಸ್‌ನಲ್ಲಿ ಹೆಚ್ಚಾಗಿ ಕಾಣೋದು ಸ್ವೀಡನ್ನಿನ 12ಸಿ27: ಕಾರ್ಬನ್ 0.6, ಕ್ರೋಮಿಯಂ 13.5 ಪರ್ಸೆಂಟ್. ಎರಡನ್ನೂ ತೀರಾ ಗಡಸು ಮಾಡಿರಲ್ಲ. ಬೇಗ ಮೊಂಡಾಗುತ್ತೆ, ಆದರೆ ಮನೆಯ ಸಾಣೆಕಲ್ಲಿನ ಮೇಲೆ ಐದು ನಿಮಿಷಕ್ಕೆ ಮತ್ತೆ ಹರಿತ. ಹೊಲದಲ್ಲಿ ಊಟ ಮಾಡೋರಿಗೆ ಅದೇ ಬೇಕಿತ್ತು.

ಹಾಗಾದರೆ ನೀವು ಇಂಥದ್ದೊಂದನ್ನು ಕೈಗೆತ್ತಿಕೊಂಡರೆ ಏನು ನೋಡಬೇಕು? ನೊಣದ ಅಂದ ಆಮೇಲೆ. ಮೊದಲು ಅಲಗು ತೆರೆದು ಬೆಳಕಿಗೆ ಹಿಡಿದು ಸ್ಪ್ರಿಂಗಿಗೂ ಬುಡಕ್ಕೂ ನಡುವೆ ಬೆಳಕು ತೂರುತ್ತಾ ನೋಡಿ. ತುದಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಮಡಚಿದಾಗ ಅಲಗು ಎರಡು ಪಕ್ಕದ ತಗಡಿನ ನಡುವೆ ಮಧ್ಯದಲ್ಲಿದೆಯಾ, ಒಂದು ಕಡೆ ಉಜ್ಜುತ್ತಾ? ಆಮೇಲೆ ನಿಧಾನವಾಗಿ ತೆರೆಯುತ್ತಾ ಸ್ಪ್ರಿಂಗಿನ ಬೆನ್ನನ್ನು ಬೆರಳಿಂದ ಮುಟ್ಟಿ. ಪೂರ್ತಿ ತೆರೆದಾಗ ಅದು ತನ್ನ ಜಾಗಕ್ಕೆ ವಾಪಸ್ ಇಳಿಯಬೇಕು. ಸ್ವಲ್ಪ ಎದ್ದೇ ಇದ್ದರೆ ಕಚ್ಚಿನೊಳಗೆ ಕೂತಿಲ್ಲ ಅಂತ ಅರ್ಥ. ಬೆರಳನ್ನು ಅಲಗಿನ ದಾರಿಯಲ್ಲಿ ಇಟ್ಟುಕೊಂಡು ಮಾತ್ರ ಇದನ್ನೆಲ್ಲ ಮಾಡಬೇಡಿ.

ಸರ್‌ಗೆ ನಾವು ಕೊಟ್ಟ ಉತ್ತರ: ಚುಚ್ಚಿದ್ದು ನಮ್ಮ ತಪ್ಪು, ಯಾವ ಸ್ಲಿಪ್ ಜಾಯಿಂಟ್ ಆದರೂ ಮಡಚಿಕೊಳ್ಳಬಹುದಿತ್ತು. ಆದರೆ ಆ ಚಾಕು ಅರ್ಧ ಕಿಲೋಗೂ ನಿಲ್ಲದ್ದು ಅದರ ತಪ್ಪು. ಸರ್ "ಸರಿ, ಹಾಗಾದ್ರೆ ರಿಪೇರಿ ಮಾಡಿ" ಅಂದರು. ಮೊಳೆ ತೆಗೆದು, ಉಬ್ಬನ್ನು ಸಣ್ಣ ಅರದಲ್ಲಿ ಉಜ್ಜಿ ಕೂರಿಸೋಕೆ ನೋಡಿದ್ವಿ. ಒಂದು ಕಡೆ ಕೂತರೆ ಇನ್ನೊಂದು ಕಡೆ ಎದ್ದಿತು. ಮೂರು ಸಂಜೆ ಆಯ್ತು. ನಾಲ್ಕನೇ ಸಂಜೆ ಅರ ಒಂದೆಳೆ ಜಾಸ್ತಿ ಓಡಿತು, ಅಲಗು ಈಗ ಮೊದಲಿಗಿಂತ ಸಡಿಲ. ಅದು ಟೂಲ್ ರೂಮಿನ ಡ್ರಾಯರ್‌ನಲ್ಲಿದೆ, ಅಲಗಿಗೆ ಇನ್ಸುಲೇಷನ್ ಟೇಪ್ ಸುತ್ತಿ ಇಟ್ಟಿದ್ದೀವಿ. ಬೇಕಾದವರು ಸರ್‌ನ ಕೇಳಿ ನೋಡಬಹುದು.